ನೈಸ್ ಎಂಬ ಮಾತಿನ ಮೂಲ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನದು. ನನಗಿದ್ದದ್ದು ಇಂಗ್ಲಿಷ್ ಪದಗಳ ಹುಟ್ಟುಮೂಲ ಹೇಳುವ ಚಟ. ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆನಲ್ಲ, ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಒಮ್ಮೆ ಗರಡಿಯ ಉಸ್ತಾದರಿಗೆ, ತೋಳಿನ 'ಮಸಲ್' ಅಂದರೆ ಲ್ಯಾಟಿನ್ ಭಾಷೆಯಲ್ಲಿ ಪುಟ್ಟ ಇಲಿ ಎಂದೆ. ಅವರು ತೋಳು ಮಡಿಸಿ ಉಬ್ಬಿಸಿ, "ಹಂಗಾದ್ರ ಇದು ಹೆಗ್ಗಣ ಬಿಡ್ರಿ ಮಾಸ್ತರ" ಎಂದು ನಕ್ಕರು. ಎಲ್ಲರೂ ಹೀಗೇ ನಗುತ್ತಾರೆಂದು ತಿಳಿದದ್ದೇ ನನ್ನ ತಪ್ಪು.

ಹೊನ್ನೂರಪ್ಪ ಕಂಟೋನ್ಮೆಂಟಿನ ಬಂಗಲೆಯೊಂದರಲ್ಲಿ ಮಾಲಿಯಾಗಿದ್ದವನು. ನಮ್ಮ ಮನೆಗೆ ಹೂವಿನ ಗಿಡ ತಂದುಕೊಟ್ಟು ಪರಿಚಯವಾದವನು. ಬಳ್ಳಾರಿಯ ಆ ಬಿಸಿಲಿನಲ್ಲಿ ಇಪ್ಪತ್ತು ವರ್ಷ ಗುಲಾಬಿ ಅರಳಿಸಿದ್ದ. ಸ್ವಾತಂತ್ರ್ಯ ಬಂದ ವರ್ಷ, ಇಂಗ್ಲೆಂಡಿಗೆ ಹೊರಟ ಆ ಬಂಗಲೆಯ ದೊರೆ ಅವನಿಗೊಂದು ಚೀಟಿ ಬರೆದುಕೊಟ್ಟ: 'ಹೊನ್ನೂರಪ್ಪ ಈಸ್ ಎ ನೈಸ್ ಮ್ಯಾನ್.' ಹೊನ್ನೂರಪ್ಪ ಅದಕ್ಕೆ ಗಾಜಿನ ಕಟ್ಟು ಹಾಕಿಸಿ, ಕುರುಗೋಡಿನ ತನ್ನ ಮನೆಯ ಗೋಡೆಗೆ ತೂಗುಹಾಕಿದ.

ಅವನ ಮಗಳನ್ನು ನೋಡಲು ಸಿರುಗುಪ್ಪದಿಂದ ಗಂಡಿನ ಕಡೆಯವರು ಬರುವ ದಿನ, "ಓದಿದವರೊಬ್ಬರು ಇದ್ರ ಮನಿಗೆ ಒಂದು ಕಳೆ, ಬರ್ರಿ ಸಾರ್" ಎಂದು ನನ್ನನ್ನೂ ಕರೆದ. ಗಂಡಿನ ಅಪ್ಪ ಗೋಡೆಯತ್ತ ನೋಡಿ, "ಏನ್ ಬರ್ದಾರ್ರಿ ಇದರಾಗ?" ಎಂದರು. ಹೊನ್ನೂರಪ್ಪ ಹೆಮ್ಮೆಯಿಂದ ನನ್ನ ಕಡೆ ತಿರುಗಿದ. ಒಳ್ಳೆಯ ಮನುಷ್ಯ ಎಂದು ಬರೆದಿದ್ದಾರೆ ಅಂತ ಹೇಳಿ ಸುಮ್ಮನಾಗಬಹುದಿತ್ತು. ಹೇಳಿದೆ, ಸುಮ್ಮನಾಗಲಿಲ್ಲ.

"ತಮಾಷೆ ಕೇಳ್ರಿ, ನೈಸ್ ಅನ್ನೋದರ ಮೂಲ ಅರ್ಥ ಏನೂ ತಿಳೀದವ, ದಡ್ಡ ಅಂತ!"

ಮನೆಯೆಲ್ಲ ನಕ್ಕಿತು. ಹೊನ್ನೂರಪ್ಪನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಸಂಬಂಧವೇನೋ ಕುದುರಿತು. ಆದರೆ ಮದುವೆಯಲ್ಲಿ ಬೀಗರು ಅವನನ್ನು "ಏಳ್ರಿ ನೈಸಪ್ಪ" ಎಂದು ಊಟಕ್ಕೆ ಎಬ್ಬಿಸಿದರು. ಆ ಹೆಸರೇ ನಿಂತುಬಿಟ್ಟಿತು.

ಕೆಲವು ತಿಂಗಳ ಮೇಲೆ ಹೋದಾಗ ಕಟ್ಟು ಅದೇ ಗೋಡೆಯ ಮೇಲಿತ್ತು. ಒಳಗೆ ಚೀಟಿಯ ಬದಲು ಲಕ್ಷ್ಮಿಯ ಪಟ. ಮುಂದಿನ ಭಾನುವಾರ ದಪ್ಪ ನಿಘಂಟು ಬಗಲಿಗಿಟ್ಟುಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಆ ಹಳೆಯ ಅರ್ಥ ಬಿದ್ದುಹೋಗಿ ನೂರಾರು ವರ್ಷವಾಯಿತು, ಈಗ ನೈಸ್ ಎಂದರೆ ಒಳ್ಳೆಯವನೇ, ದೊರೆಯ ಮನಸ್ಸಿನಲ್ಲಿದ್ದದ್ದೂ ಅದೇ ಎಂದು ಸಾಲಿನ ಮೇಲೆ ಬೆರಳಿಟ್ಟು ವಿವರಿಸಿದೆ. ಹೊನ್ನೂರಪ್ಪ ಮಜ್ಜಿಗೆ ಕೊಟ್ಟು, ಕೊನೆಯವರೆಗೂ ಕೇಳಿದ.

"ಇದು ನಿಮಗ ಅವತ್ತ ಗೊತ್ತಿದ್ದಿಲ್ಲೇನ್ರಿ ಸಾರ್?"

ಗೊತ್ತಿತ್ತು. ಆದರೆ ಒಳ್ಳೆಯವ ಎಂದಷ್ಟೇ ಹೇಳಿದ್ದರೆ ಆ ದಿನ ಯಾರೂ ನನ್ನ ಕಡೆ ತಿರುಗಿ ನೋಡುತ್ತಿರಲಿಲ್ಲ.