ಕಮಲಾಪುರದ ಇಪ್ಪತ್ತು ಖಾಲಿ ಹೊಟ್ಟೆಗಳು

ಸುಧಾಕರನ ಸಂಕಟಗಳಿಗೆಲ್ಲ ಮೂಲ, ಒಂದು ಪುಟ್ಟ ಚೌಕದೊಳಗೆ ಅವನು ಹಾಕಿದ ಸರಿ ಗುರುತು. ಕಲಬುರಗಿಯ ಕುಸನೂರ ರಸ್ತೆಯ ವೈದ್ಯಕೀಯ ಸಂಶೋಧನಾ ಕೇಂದ್ರವೊಂದು ಬಿ.ಎಸ್ಸಿ. ವಿದ್ಯಾರ್ಥಿಗಳಿಗಾಗಿ ಬೇಸಿಗೆಯ ಎಂಟು ವಾರಗಳ ಇಂಟರ್ನ್‌ಶಿಪ್ ಪ್ರಕಟಿಸಿತ್ತು. ಅರ್ಜಿಯ ಹನ್ನೊಂದು ಪುಟಗಳನ್ನು ಅವನು ಖೂಬಾ ಪ್ಲಾಟಿನ ತನ್ನ ಬಾಡಿಗೆ ಕೋಣೆಯಲ್ಲಿ ಕುಳಿತು, ತೊಗರಿಬೇಳೆಯಲ್ಲಿ ಹರಳು ಆರಿಸುವವನಂತೆ ಎಚ್ಚರದಿಂದ ತುಂಬಿದ್ದ. ಕೊನೆಯ ಪುಟದಲ್ಲಿ, ‘ನಿಮ್ಮ ಊರಿನಿಂದ ಅಧ್ಯಯನಕ್ಕೆ ಸ್ವಯಂಸೇವಕರನ್ನು ಒದಗಿಸಬಲ್ಲಿರಾ?’ ಎಂಬ ಪ್ರಶ್ನೆಯಿತ್ತು. ಕಮಲಾಪುರದಲ್ಲಿ ತನ್ನ ಮಾತಿಗೆ ಮನೆಯ ಆಡೂ ಕಿವಿಗೊಡುವುದಿಲ್ಲವೆಂಬ ಸತ್ಯವನ್ನು ಆ ಕ್ಷಣ ಮರೆತು ಅವನು ಗುರುತು ಹಾಕಿಬಿಟ್ಟ. ಬಂದ ಅರ್ಜಿಗಳಲ್ಲೆಲ್ಲ ಆ ಚೌಕವನ್ನು ತುಂಬಿದವನು ತಾನೊಬ್ಬನೇ ಎಂಬುದು ಆಯ್ಕೆಯಾದ ಮೇಲಷ್ಟೇ ಅವನಿಗೆ ತಿಳಿಯಿತು.

ಕೇಂದ್ರದ ಡಾಕ್ಟರ್ ನಾಗರತ್ನಾ ಮಾತನ್ನು ಔಷಧಿಯಂತೆ ಅಳೆದು ಕೊಡುವವರು. ಮೊದಲ ವಾರ ಮುಗಿಯುತ್ತಲೇ ಅವನನ್ನು ಕರೆದು ಕೆಲಸ ಒಪ್ಪಿಸಿದರು. ಶನಿವಾರ ಮುಂಜಾನೆ ಕಮಲಾಪುರದಲ್ಲಿ ಸಕ್ಕರೆ ಪರೀಕ್ಷೆಗೆ ಇಪ್ಪತ್ತು ಮಂದಿಯ ರಕ್ತ ಬೇಕು. ಹತ್ತು ತಾಸು ಅವರು ನೀರಿನ ಹೊರತು ಏನನ್ನೂ ಮುಟ್ಟಿರಬಾರದು. ರಕ್ತ ತೆಗೆಯಲು ಲ್ಯಾಬಿನ ನದೀಮ್ ಬರುತ್ತಾನೆ. ಮಂಜುಗಡ್ಡೆಯ ಪೆಟ್ಟಿಗೆ ಹತ್ತು ಗಂಟೆಯೊಳಗೆ ತಮ್ಮ ಮೇಜಿನ ಮೇಲಿರಬೇಕು.

‘ಇಪ್ಪತ್ತು ಅಂದ್ರ ಇಪ್ಪತ್ತು. ಒಂದು ಕಮ್ಮಿ ಬಿದ್ರೂ ನಿನ್ನ ಜಾಗಾಕ್ಕ ಬ್ಯಾರೇದವರನ್ನ ಕರೀತೀನಿ. ವೇಟಿಂಗ್ ಲಿಸ್ಟಿನಾಗ ನಲವತ್ತು ಮಂದಿ ಕುಂತಾರ.’

ಶುಕ್ರವಾರ ಸಂಜೆ ಸುಧಾಕರ ಊರಿಗೆ ಬಂದು ಮನೆ ಮನೆಯ ಹೊಸ್ತಿಲು ಸವೆಸಿದ. ಒಬ್ಬರಿಗೆ ರಕ್ತ ಎಲ್ಲಿಗೆ ಹೋಗುತ್ತದೆಂಬ ಚಿಂತೆ, ಇನ್ನೊಬ್ಬರಿಗೆ ಅದು ಮರಳಿ ಬರುತ್ತದೆಯೇ ಎಂಬ ಆಸೆ. ಓಣಿಯ ಹಿರಿಯ ದತ್ತಪ್ಪ ಕಾಕಾ ಮಾತ್ರ, ಮೊದಲ ರಕ್ತ ತಮ್ಮದೇ ಆಗಬೇಕೆಂದು, ಪಂಗತಿಯ ಮೊದಲ ಎಲೆ ಕೇಳಿದ ಗತ್ತಿನಲ್ಲಿ ಹೇಳಿದರು. ಆ ರಾತ್ರಿ ತಾಯಿ ಬಂಡೆಮ್ಮ ಬಡಿಸಿದ ರೊಟ್ಟಿ ಚಿಂತೆಯಿಂದ ಅವನ ಗಂಟಲಲ್ಲಿ ಇಳಿಯಲಿಲ್ಲ.

‘ಹತ್ತು ತಾಸು ಏನೂ ತಿನ್ನಂಗಿಲ್ಲಂದ್ರ, ಬಾಣಂತಿ, ಮುದುಕರು ಹ್ಯಾಂಗ್ ತಡಕೋತಾರೋ ಯಪ್ಪಾ?’ ಎಂದಳು ಬಂಡೆಮ್ಮ.

‘ಬಾಣಂತಿಯರು ಬ್ಯಾಡಬೇ. ಉಳದವ್ರು ಒಂದಿನ ತಡಕೋಬೇಕು. ಇದು ನನ್ನ ನಸೀಬದ ಪ್ರಶ್ನಿ ಅದ.’

ಬೆಳಗ್ಗೆ ಏಳಕ್ಕೆ ಅಂಗಳದಲ್ಲಿದ್ದವರು ನಾಲ್ವರು. ಅವರಲ್ಲಿ ಒಬ್ಬ ದಾರಿ ತಪ್ಪಿ ಬಂದ ಪಾತ್ರೆ ವ್ಯಾಪಾರಿ. ನದೀಮನ ಸುಳಿವಿರಲಿಲ್ಲ. ಸುಧಾಕರನ ಮುಖ ಒಲೆ ಮೇಲೆ ಮರೆತ ರೊಟ್ಟಿಯಂತಾಗುವುದನ್ನು ಕಂಡ ಬಂಡೆಮ್ಮ, ‘ನೀ ಬಸ್ ಸ್ಟ್ಯಾಂಡಿಗೆ ಹೋಗಿ ಆ ಹುಡಗನ್ನ ಕರಕೊಂಡು ಬಾ. ಮಂದೀನ ನಾ ಕೂಡಸ್ತೀನಿ’ ಎಂದು ಸೆರಗು ಸಿಕ್ಕಿಸಿದಳು.

ಬಸ್ಸು ಮುಕ್ಕಾಲು ತಾಸು ತಡವಾಗಿ ಬಂತು. ಪೆಟ್ಟಿಗೆ ಹೊತ್ತು ಇಬ್ಬರೂ ಓಡುತ್ತ ಮನೆಗೆ ಬಂದರೆ ಪವಾಡವೇ ನಡೆದಿತ್ತು. ಬಂಡೆಮ್ಮನೂ ಸೇರಿ ಇಪ್ಪತ್ತು ಮಂದಿ ಗೋಡೆಗುಂಟ ಸಾಲಾಗಿ, ರೇಶನ್ ಅಂಗಡಿಯ ಮುಂದೂ ಕಾಣದ ಶಿಸ್ತಿನಲ್ಲಿ ಕುಳಿತಿದ್ದರು. ಕೆಲವರು ಬಾಯಿ ಒರೆಸಿಕೊಳ್ಳುತ್ತಿದ್ದರು. ಮೂಲೆಯಲ್ಲಿ ಆಡು ಏನನ್ನೋ ಪರಮಾನಂದದಿಂದ ಮೆಲ್ಲುತ್ತಿತ್ತು.

ಏನಾದರೂ ತಿಂದಿರೇನೆಂದು ಸುಧಾಕರ ಒಬ್ಬೊಬ್ಬರನ್ನೂ ಕೇಳಿದ. ಪ್ರತಿಯೊಬ್ಬರೂ ಮೊದಲು ಬಂಡೆಮ್ಮನ ಮುಖ ನೋಡಿ, ಅನಂತರ ಇಲ್ಲವೆಂದು ಗೋಣು ಆಡಿಸಿದರು. ನಿಯಮದಂತೆ ಅವನು ಒಪ್ಪಿಗೆ ಪತ್ರದ ಹದಿನಾಲ್ಕು ಅಂಶಗಳನ್ನು ಓದತೊಡಗಿದ. ಎಂಟು ಮುಗಿದಿತ್ತು, ಒಂಬತ್ತಕ್ಕೆ ಬಾಯಿ ತೆರೆಯುವಷ್ಟರಲ್ಲಿ ದತ್ತಪ್ಪ ಕಾಕಾ ಕೈಯೆತ್ತಿದರು.

‘ಅವೆಲ್ಲಾ ಇರ್ಲಿ ತಮ್ಮಾ. ಸೂಜಿ ಎಷ್ಟುದ್ದ ಅದ?’

ನದೀಮ್ ಸೂಜಿ ತೋರಿಸಿದ. ಓದು ಅಲ್ಲಿಗೇ ನಿಂತಿತು. ಮೊದಲ ರಕ್ತ ತಮ್ಮದೇ ಎಂದಿದ್ದ ಕಾಕಾ ಕೊನೆಗೆ ಕೊಡುವುದಾಗಿ ಹಿಂದೆ ಸರಿದು, ಹತ್ತೊಂಬತ್ತು ನಳಿಕೆ ತುಂಬುವ ಹೊತ್ತಿಗೆ ಅಂಗಳದಿಂದಲೇ ಮಾಯವಾಗಿದ್ದರು. ಅವರನ್ನು ಹುಡುಕಲು ಹೋದವರು, ಅವರು ಹೊಲದ ಕಡೆ ಬಿರುಗಾಳಿಯಂತೆ ಹೋದರೆಂಬ ಸುದ್ದಿಯನ್ನಷ್ಟೇ ತಂದರು.

ಗಂಟೆ ಎಂಟೂ ಮುಕ್ಕಾಲು. ಮಂಜುಗಡ್ಡೆ ಕರಗುತ್ತಿತ್ತು, ಅದರ ಜೊತೆಗೆ ಸುಧಾಕರನ ಭವಿಷ್ಯವೂ. ಇಪ್ಪತ್ತು ಎಂದರೆ ಇಪ್ಪತ್ತು. ಅವನು ಅಂಗಿಯ ತೋಳು ಮಡಚಿ ತಾನೇ ಕುಳಿತ.

‘ಭಾಯ್, ನೀವು ಕೊಡಬಹುದೇನು?’ ನದೀಮ್ ಅನುಮಾನಿಸಿದ.

‘ನಾನೂ ಕಮಲಾಪುರದಾವನೇ. ನಿನ್ನೆ ಮಧ್ಯಾಹ್ನದಿಂದ ಉಂಡಿಲ್ಲ. ಚುಚ್ಚು.’

ಒಪ್ಪಿಗೆ ಪತ್ರಕ್ಕೆ ಸಹಿ ಬಿತ್ತು, ಇಪ್ಪತ್ತನೆಯ ನಳಿಕೆ ತುಂಬಿತು.

ಕಲಬುರಗಿಗೆ ಹೊರಟ ಕ್ರೂಸರ್ ಜೀಪಿನಲ್ಲಿ ಹದಿನಾರು ಜನರಿದ್ದರು. ಪೆಟ್ಟಿಗೆ ಸುಧಾಕರನ ತೊಡೆಯ ಮೇಲೆ, ಅವನು ಇನ್ನೊಬ್ಬರ ತೊಡೆಯ ಮೇಲೆ. ಪಕ್ಕದಲ್ಲಿದ್ದ ಭೀಮಬಾಯಿ ಎಂಬ ಮುದುಕಿ ಪೆಟ್ಟಿಗೆಯ ತಂಪನ್ನು ಮುಟ್ಟಿ ನೋಡಿ, ಕುಲ್ಫಿ ಒಂದಕ್ಕೆ ಎಷ್ಟೆಂದು ವಿಚಾರಿಸಿದಳು. ರಕ್ತವೆಂದು ಅವನು ಹೇಳಿದ ಮರುಕ್ಷಣ ಆ ಕಿಕ್ಕಿರಿದ ಗಾಡಿಯಲ್ಲಿ ಅವನ ಸುತ್ತ ಒಂದು ಗೇಣು ಜಾಗ ಎಲ್ಲಿಂದಲೋ ಹುಟ್ಟಿಕೊಂಡಿತು. ನಡುವೆ ಎಮ್ಮೆಗಳ ಹಿಂಡು ಅಡ್ಡ ಬಂತು, ಒಂದು ಮದುವೆಯ ಟ್ರ್ಯಾಕ್ಟರ್ ಅಡ್ಡ ಬಂತು. ಹತ್ತಕ್ಕೆ ಎರಡು ನಿಮಿಷವಿದೆಯೆನ್ನುವಾಗ ಪೆಟ್ಟಿಗೆ ಮೇಡಂ ಮೇಜಿನ ಮೇಲಿತ್ತು.

ಮಧ್ಯಾಹ್ನ ಯಂತ್ರ ಉದ್ದನೆಯ ಚೀಟಿಯನ್ನು ಉಗುಳಿತು. ನಾಗರತ್ನಾ ಮೇಡಂ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ನೂರರೊಳಗೆ ಇರಬೇಕಾದ ಸಕ್ಕರೆ ಹತ್ತೊಂಬತ್ತು ಮಂದಿಯಲ್ಲಿ ನೂರಾ ಮೂವತ್ತನ್ನು ದಾಟಿತ್ತು. ಒಂದು ಓಣಿಗೆ ಓಣಿಯೇ ಮಧುಮೇಹಕ್ಕೆ ತುತ್ತಾಗಿದೆ, ಯಾರಿಗೂ ಗೊತ್ತಿಲ್ಲ! ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಇದು ದೊಡ್ಡ ಸಂಶೋಧನೆ, ಪ್ರಬಂಧದಲ್ಲಿ ನಿನ್ನ ಹೆಸರೂ ಬರುತ್ತದೆ ಎಂದರು.

ಸುಧಾಕರನಿಗೆ ಅದೇನೂ ಕೇಳಿಸಲಿಲ್ಲ. ಅವನ ಕಣ್ಣು ಏಳನೆಯ ಸಾಲಿಗೆ ಅಂಟಿಕೊಂಡಿತ್ತು. ಅದು ಅವನ ತಾಯಿಯ ಸಂಖ್ಯೆ: ನೂರಾ ಎಪ್ಪತ್ತೆರಡು. ಹೊರಗೆ ಓಡಿ ಮನೆಗೆ ಫೋನು ಹಚ್ಚಿದ.

‘ಅವ್ವಾ, ನಿನಗ ತಲಿ ತಿರುಗ್ತದೇನು? ಭಾಳ ನೀರಡಿಕಿ ಆಗ್ತದೇನು?’

‘ನನಗೇನಾಗ್ಯಾದೋ? ಗುಂಡಕಲ್ಲಿನಂಗ ಇದೀನಿ.’

‘ಸಕ್ಕರಿ ಬ್ಯಾನಿ ಅದಬೇ ನಿನಗ. ಓಣಿ ಮಂದಿಗೆಲ್ಲಾ ಅದ.’

ಆ ಕಡೆ ಬಾಗಿಲು ಮುಚ್ಚಿದ ಸದ್ದು. ಬಳಿಕ ಬಂಡೆಮ್ಮ ದನಿ ತಗ್ಗಿಸಿದಳು.

‘ಸಿಟ್ಟಾಗಬ್ಯಾಡ ಯಪ್ಪಾ. ಸಂತಿಗಂತ ಇಟ್ಟಿದ್ನಲ್ಲ ಕೆಂಪು ಬಾಳಿಗೊನಿ, ನೀ ಬಸ್ ಸ್ಟ್ಯಾಂಡಿಗೆ ಹೋದಾಗ ಎಲ್ಲಾರಿಗೂ ಎರಡೆರಡು ಹಣ್ಣು ಕೊಟ್ಟೆ, ಮ್ಯಾಲೊಂದು ಕಪ್ ಚಾ. ಇಲ್ಲಾಂದ್ರ ಅವ್ರು ಬರ್ತಿದ್ರೇನು? ನಮ್ಮ ಅಂಗಳಕ್ಕ ಬಂದು ರಕ್ತ ಕೊಡೋರನ್ನ ಹಸದ ಹೊಟ್ಟೀಲೆ ಕೂಡಿಸಿದ್ರ ನಿನ್ನ ವಿದ್ಯಾಕ್ಕ ಒಳ್ಳೇದಾಗ್ತದೇನು? ನಾ ಮೂರು ತಿಂದೆ.’

ತಾಯಿ ಗಟ್ಟಿಯಾಗಿದ್ದಾಳೆಂಬ ಸಂತೋಷಕ್ಕೆ ಅವನ ಕಣ್ಣು ತುಂಬಿತು. ತಾನು ಮುಳುಗಿದೆನೆಂಬ ದುಃಖವೂ ಅದೇ ನೀರಿನಲ್ಲಿ ಬೆರೆಯಿತು. ಬಾಯಿ ಮುಚ್ಚಿಕೊಂಡಿದ್ದರೆ ಜಾಗವೂ ಉಳಿಯುತ್ತಿತ್ತು, ಹೆಸರೂ ಅಚ್ಚಾಗುತ್ತಿತ್ತು. ಒಳಗೆ ಮೇಡಂ ಆಗಲೇ ನಿರ್ದೇಶಕರಿಗೆ ಫೋನು ಹಚ್ಚುತ್ತಿದ್ದರು. ಸುಧಾಕರ ಕಾರಿಡಾರಿನಲ್ಲಿ ಮೂರು ಸಲ ಅತ್ತಿಂದಿತ್ತ ನಡೆದು, ನಾಲ್ಕನೆಯ ಸಲ ಬಾಗಿಲು ತಳ್ಳಿದ.

‘ಮೇಡಂ, ಫೋನ್ ಇಡ್ರಿ. ಅವ್ರಿಗೆಲ್ಲಾ ನಮ್ಮವ್ವ ಬಾಳೆಹಣ್ಣು ತಿನಿಸ್ಯಾಳ್ರಿ.’

ಮೇಡಂ ಫೋನು ಇಟ್ಟರು. ಚೀಟಿಯನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ನೋಡಿದರು. ಬಳಿಕ ಅವರು, ಹಿಂದೆಂದೂ ಕಾಣದಿದ್ದ ಮುಗುಳ್ನಗೆಯೊಂದಿಗೆ ಹೇಳಿದರು.

‘ಖರೇ ಹೇಳಿದಿ. ಇಪ್ಪತ್ತು ನಳಿಕಿ ಹೋದ್ರ ಹೋಗ್ಲಿ, ಇನ್ನೊಮ್ಮಿ ತರಬಹುದು. ಇಂಥ ಹುಡಗನ್ನ ನಾ ಬಿಡಂಗಿಲ್ಲ.’

ಸುಧಾಕರನ ಎದೆಯ ಮೇಲಿನ ಬಂಡೆ ಉರುಳಿತು. ಉರುಳಿದ್ದು ಹೆಚ್ಚು ದೂರ ಹೋಗಲಿಲ್ಲ. ಚೀಟಿಯ ಕೊನೆಯ ಸಾಲಿನ ಮೇಲೆ ಮೇಡಂ ಬೆರಳು ನಿಂತಿತು.

‘ಇದೊಂದು ಎಂಬತ್ನಾಕು ಅದ. ಇದ್ಯಾರದು?’

‘ನಂದ್ರಿ’ ಎಂದ ಅವನು, ಹೆಮ್ಮೆಯಿಂದಲೇ.

ಅವರ ಮುಗುಳ್ನಗೆ ಮಾಸಿತು. ಕಡತದಿಂದ ಅವನ ಸಹಿಯ ಒಪ್ಪಿಗೆ ಪತ್ರವನ್ನು ತೆಗೆದು ಮುಂದಿಟ್ಟರು. ಒಂಬತ್ತನೆಯ ಅಂಶ ಎರಡೇ ಸಾಲಿನದು: ಈ ಅಧ್ಯಯನಕ್ಕೆ ರಕ್ತ ಕೊಟ್ಟವರು ಅಧ್ಯಯನದ ತಂಡದಲ್ಲಿ ಕೆಲಸ ಮಾಡುವಂತಿಲ್ಲ.

‘ಹತ್ತೊಂಬತ್ತೇ ತಂದು ಖರೇ ಹೇಳಿದ್ರೂ ಇಟ್ಕೋತಿದ್ದೆ’ ಎಂದರು ನಿಟ್ಟುಸಿರಿಟ್ಟು. ಆಮೇಲೆ ಮೆಲ್ಲಗೆ ಇನ್ನೊಂದು ಹಾಳೆ ಸರಿಸಿದರು. ‘ಕಮಲಾಪುರದಾಗ ಖಾಲಿ ಹೊಟ್ಟೀಲೆ ಇರೋ ನಂಬಿಗಸ್ತ ಮನಷ್ಯಾ ನೀನೊಬ್ಬನೇ ಸಿಕ್ಕಿ. ಎಂಟು ವಾರ, ಪ್ರತಿ ಶನಿವಾರ ರಕ್ತ ಕೊಡ್ಲಿಕ್ಕ ಬರ್ತಿಯೇನು? ಒತ್ತಾಯ ಇಲ್ಲ.’

ಹಾಳೆಯ ಕೆಳಗೆ ಒಂದು ಪುಟ್ಟ ಚೌಕವಿತ್ತು. ಚೌಕ ಕಂಡರೆ ಸುಮ್ಮನಿರದ ಅವನ ಕೈ, ಯಜಮಾನನನ್ನು ಕೇಳದೆಯೇ ಸರಿ ಗುರುತು ಹಾಕಿತು.

ಹೊರಗೆ ಬಂದು ಬೇವಿನ ನೆರಳಿನಲ್ಲಿ ಕುಳಿತಾಗ ಹಸಿವೆ ಹೊಟ್ಟೆಯೊಳಗೆ ಹಲಗೆ ಬಾರಿಸತೊಡಗಿತು. ಚೀಲದಲ್ಲಿ ಕೈಯಾಡಿಸಿದರೆ, ಅವನಿಗೆ ಕಾಣದಂತೆ ಬಂಡೆಮ್ಮ ಇಟ್ಟ ಎರಡು ಕೆಂಪು ಬಾಳೆಹಣ್ಣು. ಒಂದರ ಸಿಪ್ಪೆ ಸುಲಿದು ಬಾಯಿಗೆ ಒಯ್ಯುವಷ್ಟರಲ್ಲಿ ಲ್ಯಾಬಿನ ಕಿಟಕಿಯಿಂದ ನದೀಮನ ತಲೆ ಹೊರಬಂತು.

‘ಭಾಯ್, ಹಣ್ಣು ಕೆಳಗಿಡ್ರಿ. ಇವತ್ತೂ ಶನಿವಾರೇ ಅದ, ಹೊಸ ಲೆಕ್ಕದ ಮೊದಲ ನಳಿಕಿ ಇವತ್ತೇ ಬೇಕಂತ ಮೇಡಂ ನೆನಪು ಮಾಡ್ಯಾರ.’