ಹಿತ್ತಲಲ್ಲಿ ಎದ್ದ ಎರಡನೇ ಮನೆ

ನನ್ನ ಮನೆಯಲ್ಲಿ ನನ್ನದು ಅಂತ ಇರುವುದು ಒಂದೇ ಒಂದು ಕೋಣೆ. ಅದರಲ್ಲಿ ಒಂದು ಆರಾಮಕುರ್ಚಿ, ಒಂದು ರೇಡಿಯೋ ಮತ್ತು ನಾನು. ಹತ್ತು ದಿನಕ್ಕೆಂದು ಬಂದು ನಾಲ್ಕು ತಿಂಗಳು ಪೂರೈಸಿದ ಅತ್ತೆಯವರ ಕಣ್ಣು ಈ ಸಾಮ್ರಾಜ್ಯದ ಮೇಲೆ ಬಿತ್ತು.

"ಈ ಕೋಣೇಲಿ ಗಾಳಿ ಚೆನ್ನಾಗಿದೆ," ಎಂದರು ಅತ್ತೆ.

"ನೀನೇ ಇಟ್ಕೋಮ್ಮ. ಇವರಿಗೆ ನಿಂತಲ್ಲೇ ನಿದ್ದೆ ಬರುತ್ತೆ," ಎಂದಳು ನನ್ನಾಕೆ.

ಆಗಲೇ ನನಗೆ ಆ ದಿವ್ಯ ಆಲೋಚನೆ ಹೊಳೆದದ್ದು. ಹಿತ್ತಲಲ್ಲಿ ಅತ್ತೆಗೊಂದು ಪುಟ್ಟ ಮನೆ! ಆದರೆ ಒಂದೇ ನಿವೇಶನದಲ್ಲಿ ಎರಡನೇ ಮನೆ ಎಬ್ಬಿಸಬೇಕಾದರೆ ಕಟ್ಟಡ ಕಚೇರಿಯ ಅಪ್ಪಣೆ ಬೇಕು. ಅದು ಮೊದಲನೆಯ ಮನೆಯ ಅರ್ಧಕ್ಕಿಂತ ದೊಡ್ಡದಿರಬಾರದು, ಕಾಂಪೌಂಡಿನಿಂದ ಮೂರು ಮೀಟರ್ ದೂರವಿರಬೇಕು. ಅಲ್ಲಿ ವಾಸಿಸುವ ಸಂಬಂಧಿಯ ಹೆಸರನ್ನು ಮೊದಲೇ ಬರೆದುಕೊಡಬೇಕು, ಐದು ವರ್ಷ ಅದನ್ನು ಬದಲಿಸುವಂತಿಲ್ಲ. ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಊರಿನವರ ಅರ್ಜಿಗಳನ್ನೆಲ್ಲ ತುಂಬಿಕೊಟ್ಟ ನನ್ನಂಥ ಮಹಾಶಯನಿಗೆ ಇದ್ಯಾವ ಲೆಕ್ಕ? ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿ ಕೊಟ್ಟು ಬಂದೆ.

ಮರುವಾರ ಅಳತೆಯ ಅಧಿಕಾರಿ ಬಂದ. ತೆಳ್ಳಗಿದ್ದ, ಮಾತಿಲ್ಲ, ಸುಡುಬಿಸಿಲಲ್ಲೂ ಬೆವರಿಲ್ಲ. ಹಿತ್ತಲಲ್ಲಿ ಸುಣ್ಣದ ಪುಡಿಯಿಂದ ನಾಲ್ಕು ಗೆರೆ ಎಳೆದು, ಬಾಗಿಲಿಗೆಂದು ಒಂದು ಕಡೆ ಜಾಗ ಬಿಟ್ಟ. ಆಮೇಲೆ ಅಲ್ಲಿ ಕಾಲು ಒರೆಸಿಕೊಂಡು, ತಲೆ ತಗ್ಗಿಸಿ ಒಳಗೆ ಹೋದ. (ತಲೆ ಯಾಕೆ ತಗ್ಗಿಸಿದ ಎಂದು ನನ್ನನ್ನು ಕೇಳಬೇಡಿ. ಮೇಲೆ ಇದ್ದದ್ದು ಬರೀ ಆಕಾಶ.)

ಮಾರನೆಯ ದಿನದಿಂದ ಶುರುವಾಯಿತು. ಗೆರೆಯೊಳಗೆ ಹರವಿದ ಬಟ್ಟೆ ಸಂಜೆಯಾದರೂ ಒಣಗಲಿಲ್ಲ. ಪಕ್ಕದ ಮನೆಯ ಬೆಕ್ಕು ಗೆರೆಯನ್ನು ಸುತ್ತಿಕೊಂಡು ಹೋಗತೊಡಗಿತು. ಒಂದು ಮಧ್ಯಾಹ್ನ ಜೋರು ಮಳೆ ಬಂತು. ಹಿತ್ತಲೆಲ್ಲ ಕೆಸರು, ಗೆರೆಯೊಳಗೆ ಮಾತ್ರ ಒಣ ಧೂಳು. ನನ್ನಾಕೆಯನ್ನು ಕೂಗಿ ಕರೆದೆ.

"ನೋಡೇ, ಅಲ್ಲೇನೋ ಇದೆ!"

"ಇರ್ಲಿ ಬಿಡಿ. ಕಟ್ಟೋ ಗಲಾಟೆ ತಪ್ತಲ್ಲ," ಎಂದಳು ನನ್ನಾಕೆ, ಆ ಬೆಕ್ಕಿನ ಹಾಗೇ ಸುತ್ತು ಹಾಕಿಕೊಂಡು ಹೋಗುತ್ತ.

ಅಷ್ಟರಲ್ಲಿ ಅಪ್ಪಣೆಯ ಪತ್ರ ಬಂತು. ಅದರಲ್ಲಿ ಎರಡನೇ ಮನೆಯ ನಿವಾಸಿ ಎಂಬಲ್ಲಿ ನನ್ನ ಹೆಸರಿತ್ತು! ತಪ್ಪು ನನ್ನದೇ. ಅರ್ಜಿ ತುಂಬುವುದು ಹೇಗೆಂದು ಜನರಿಗೆ ತೋರಿಸಲು ಅಂಚೆ ಕಚೇರಿಯ ಗೋಡೆಗೆ ಅಂಟಿಸುತ್ತಿದ್ದ ಮಾದರಿಗಳಲ್ಲಿ ಮೂವತ್ತು ವರ್ಷ ಎಲ್ಲ ಖಾಲಿ ಜಾಗಕ್ಕೂ ನನ್ನ ಹೆಸರನ್ನೇ ಗೀಚಿದವನು ನಾನು. ಈ ಸಲವೂ ಕೈ ತನ್ನ ಪಾಡಿಗೆ ತಾನು ಬರೆದುಬಿಟ್ಟಿತ್ತು.

"ಎಷ್ಟು ದೊಡ್ಡ ಮನಸ್ಸು ಅಳಿಯಂದಿರದು!" ಎಂದರು ಅತ್ತೆ, ನನ್ನ ಆರಾಮಕುರ್ಚಿಯಲ್ಲಿ ಕೂತು ಅದರ ಅಳತೆ ನೋಡುತ್ತ.

ಕಚೇರಿಗೆ ಓಡಿದೆ. ಅದೇ ಅಧಿಕಾರಿ ಕತ್ತೆತ್ತಲಿಲ್ಲ. "ಅಲ್ಲಿ ಮನೆ ಇಲ್ಲ ಅಂತ ನೀವು ತೋರಿಸಿಕೊಟ್ರೆ ರದ್ದು ಮಾಡ್ತೀನಿ. ನಾಳೆ ಹನ್ನೊಂದಕ್ಕೆ ಬರ್ತೀನಿ."

ಇಲ್ಲದ ಮನೆ ಇಲ್ಲ ಎಂದು ತೋರಿಸುವುದೇನು ಮಹಾ! ಮರುದಿನ ಎಲ್ಲರ ಮುಂದೆ ಎದೆಯುಬ್ಬಿಸಿ ಹೊರಟೆ. ಗೆರೆ ದಾಟುವ ಧೈರ್ಯವಾಗದೆ ಬಾಗಿಲ ಜಾಗದಿಂದಲೇ ಒಳಹೊಕ್ಕೆ. ಒಳಗೆ ತಂಪು. ಹೊಸ ಬಣ್ಣದ ವಾಸನೆ.

"ನೋಡಿ, ಇಲ್ಲೇನೂ ಇಲ್ಲ!" ಎಂದೆ. ಸಾಮಾನಿಲ್ಲದ ಕೋಣೆಯಲ್ಲಿ ಮಾತಾಡಿದ ಹಾಗೆ ನನ್ನ ದನಿ ನನಗೇ ಮರಳಿ ಕೇಳಿಸಿತು.

ಅಧಿಕಾರಿ ಕಾಗದಕ್ಕೆ ಟಪ್ಪೆಂದು ಮುದ್ರೆ ಒತ್ತಿದ. "ನಿವಾಸಿ ಒಳಗೆ ಬಂದಿದ್ದಾರೆ. ಇನ್ನು ಐದು ವರ್ಷ ಮಲಗೋದು ಇಲ್ಲೇ."

"ಬಂದಿಲ್ಲ! ನಾನು ಬಂದೇ ಇಲ್ಲ!" ಎಂದು ಕೂಗುತ್ತ, ಕಾಗದ ಕಿತ್ತುಕೊಳ್ಳಲು ನೆಟ್ಟಗೆ ಅವನತ್ತ ನುಗ್ಗಿದೆ. ಢಬ್! ಕಣ್ಣಿಗೆ ಕತ್ತಲೆ ಬಂತು.

ನನ್ನಾಕೆ ಒಂದೇ ಮೊಳ ದೂರದಲ್ಲಿ, ನಡುವೆ ಏನೂ ಇಲ್ಲದಂತೆ ನಿಂತಿದ್ದಳು. "ಗೋಡೆ ಇನ್ನೂ ಹಸಿ ಇದೆ ರೀ, ಒರಗಬೇಡಿ. ಬಾಗಿಲು ಆ ಕಡೆ," ಎಂದಳು.

ದೊಡ್ಡ ಮನೆಯಿಂದ ನನ್ನ ರೇಡಿಯೋ ಹಾಡತೊಡಗಿತು. ಅತ್ತೆ ಆಗಲೇ ನನ್ನ ಕೋಣೆಗೆ ವಾಸಕ್ಕೆ ಹೋಗಿಯಾಗಿತ್ತು. ನನಗೆ ಅಳು ಬಂತು. ಮೆಲ್ಲಗೆ ಹಣೆ ಮುಟ್ಟಿ ನೋಡಿಕೊಂಡೆ. ಅಲ್ಲೊಂದು ಬುಗುಟು, ಯಾವ ಕಚೇರಿಯ ಅಪ್ಪಣೆಯನ್ನೂ ಕೇಳದೆ ಎದ್ದು ನಿಂತಿತ್ತು.