ರೇಸ್ ಗೆದ್ದ ಕಾರು ಮತ್ತು ಎರಡು ನಿಂಬೆಹಣ್ಣು

ಸ್ವಂತಕ್ಕೆ ಏನೂ ಗೆಲ್ಲದವರು ಬೇರೆಯವರ ಗೆಲುವನ್ನು ಬಹಳ ಜೋಪಾನ ಮಾಡುತ್ತಾರೆ. ನಾನೂ ಆ ಪೈಕಿಯೇ. ದಟ್ಟಗಳ್ಳಿಯ ನಮ್ಮ ಮನೆಯ ಶೆಡ್ಡಿನಲ್ಲಿ ತಾತ ಕೊಂಡಿದ್ದ ಅಮೆರಿಕದ ಹಳೇ ಕಾರೊಂದಿದೆ. ಅದನ್ನು ಮಾಡಿದ ಕಂಪನಿ ಈಗಿಲ್ಲ. ತೀರಾ ಸಿರಿವಂತರಿಗೆಂದೇ ಕಾರು ಕಟ್ಟುತ್ತಿದ್ದ ಆ ಜನ, 'ನಮ್ಮದು ಬರೀ ಮೆತ್ತನೆ ಸೀಟಿನ ಗಾಡಿಯಲ್ಲ' ಎಂದು ತೋರಿಸಲು ರೇಸಿಗಿಳಿದು ದೊಡ್ಡ ದೊಡ್ಡವರನ್ನೇ ಹಿಂದೆ ಹಾಕಿದ್ದರಂತೆ. ಮನೆಗೆ ಗ್ಯಾಸ್ ತಂದವರಿಗೂ ನಾನು ಈ ಕಥೆ ಹೇಳದೆ ಬಿಟ್ಟಿಲ್ಲ.

ನನ್ನ ಹೆಂಡತಿ ಸುಮಿತ್ರಳ ಲೆಕ್ಕ ಬೇರೆ. ರೇಸ್ ಗೆದ್ದ ಕಾರು ನೆರಳಲ್ಲಿ ನಿದ್ದೆ ಮಾಡುತ್ತದೆ, ದಿನಾ ಆಫೀಸಿಗೆ ಓಡುವ ಅವಳ ಸ್ಕೂಟರು ಬಿಸಿಲಲ್ಲಿ ಒಣಗುತ್ತದೆ. ಸ್ಕೂಟರಿನ ಸೀಟು ಎರಡು ಸಲ ಬಿರಿದ ಮೇಲೆ ಅವಳು ಖಡಾಖಂಡಿತವಾಗಿ ಹೇಳಿದಳು: "ಈ ಆಯುಧಪೂಜೆಗೆ ನಿಮ್ಮ ಕಾರು ತಾನಾಗೇ ನಿಂಬೆಹಣ್ಣು ಹತ್ತಿ ಇಳೀಬೇಕು. ಇಲ್ದಿದ್ರೆ ಕೇಳ್ತಿರೋರಿಗೆ ಕೊಟ್ಬುಡಿ." ಕಾರು ಹೋದರೆ ನಾನು ಯಾವ ಕಥೆ ಹೇಳಲಿ?

ಹಿನಕಲ್‌ನಿಂದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ನಾಲ್ಕು ದಿನ ಒದ್ದಾಡಿ, ಮುಂದುಗಡೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿದಾಗ ಎಂಜಿನ್ ಕೆಮ್ಮಿ ಎದ್ದಿತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು. "ಈ ಹ್ಯಾಂಡಲ್ ಇದ್ರೇನೇ ಗಾಡಿ ಕಣ್ರೀ, ಜೋಪಾನ" ಎಂದು ಹೇಳಿ ಹೋದರು.

ಜೋಪಾನ ಮಾಡುವುದರಲ್ಲಿ ನಾನು ಎತ್ತಿದ ಕೈ. ಹಬ್ಬದ ದಿನ ಹ್ಯಾಂಡಲನ್ನು ಹುಣಸೆಹಣ್ಣು ಹಚ್ಚಿ ಫಳಫಳ ತೊಳೆದೆ. ಈಳಿಗೆಮಣೆ, ಕತ್ತರಿ, ಸ್ಪ್ಯಾನರುಗಳ ಜೊತೆ ದೇವರ ಮುಂದೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ ಮಂಗಳಾರತಿಯನ್ನೂ ಎತ್ತಿದೆ. ಆಮೇಲೆ ಕಾರಿಗೆ ಹಾರ ಹಾಕಿ, ಮುಂದಿನ ಚಕ್ರಗಳಿಗೆ ಎರಡು ನಿಂಬೆಹಣ್ಣು ಕೊಟ್ಟು, ಸ್ಟಾರ್ಟ್ ಮಾಡೋಣವೆಂದು ಹ್ಯಾಂಡಲಿಗೆ ಕೈ ಚಾಚಿದೆ.

"ಪೂಜೆಗಿಟ್ಟ ಆಯುಧಾನ ಇವತ್ತು ಎತ್ತಂಗಿಲ್ಲ" ಎಂದಳು ಸುಮಿತ್ರ. ನಮ್ಮ ಮನೆಯಲ್ಲಿ ತರಕಾರಿಯನ್ನೂ ಹಿಂದಿನ ದಿನವೇ ಹೆಚ್ಚಿಡುವ ಪದ್ಧತಿ. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ.

ಕೊನೆಗೆ ಪಕ್ಕದ ಮನೆಯ ಬೋರೇಗೌಡರು ಬೀದಿಯ ನಾಲ್ಕು ಜನರನ್ನು ಕರೆತಂದರು. ನಾನು ಸ್ಟಿಯರಿಂಗ್ ಹಿಡಿದು ಕೂತೆ, ಅವರು ತಳ್ಳಿದರು. ನಿಂಬೆಹಣ್ಣು ಪಚಕ್ಕೆಂದವು, ಎಂಜಿನ್ ಮಾತ್ರ ಪಿಟ್ಟೆನ್ನಲಿಲ್ಲ. ಗೌಡರು ಏದುಸಿರು ಬಿಡುತ್ತಾ ಕೇಳಿದರು: "ಸಾರ್, ಆ ಕಂಪನಿಯವರು ಇದರೊಳಗೆ ಕೂತು ರೇಸ್ ಗೆದ್ರಾ, ಇದನ್ನ ತಳ್ಳಿ ಗೆದ್ರಾ?"

ಕಾರಿನ ಕಥೆ ಮುಗಿಯಿತೆಂದುಕೊಂಡು ನಾನು ಸುಮಿತ್ರಳ ಮುಖ ನೋಡಿದೆ. ಅವಳು ನಗು ತಡೆದುಕೊಂಡು ಹೇಳಿದಳು: "ಹೆಣ್ಣು ನೋಡೋಕೆ ಬಂದಾಗ ನಿಮ್ಮಮ್ಮನೂ 'ನಮ್ಮ ಹುಡುಗ ಸ್ಕೂಲಲ್ಲಿ ಓಟಕ್ಕೆ ಫಸ್ಟು' ಅಂದಿದ್ರು. ನಿಮ್ಮನ್ನೇ ಇಟ್ಕೊಂಡಿದ್ದೀನಿ, ಇದೂ ಇರ್ಲಿ ಬುಡಿ. ಶೆಡ್ಡು ಮಾತ್ರ ಸ್ಕೂಟರಿಗೆ."

ತಳ್ಳಿದವರೆಲ್ಲ ಕಾಫಿಗೆಂದು ಒಳಗೆ ಹೋದರು. ನಾನಿನ್ನೂ ಸ್ಟಿಯರಿಂಗ್ ಹಿಡಿದೇ ಕೂತಿದ್ದೆ. ಸುಮಿತ್ರ ಎರಡನೇ ಸಲ ಕರೆದಾಗ, ಯಾರೂ ತಳ್ಳದೆಯೇ ಎದ್ದು ಹೋದೆ.